ದೊಡ್ಡವರು ಹೇಳಿದರೆ ನಿಜವೇ?

ಮಾನ್ಯರೇ,

‘ಹೇಳಿದ್ದು ದೊಡ್ಡ ವಿಜ್ಞಾನಿ, ಸುಮ್ನೆ ಹೇಳ್ತಾರಾ?’ ಪಿತೂರಿ ಕಥೆ ಹಂಚುವವರ ಬಾಯಲ್ಲಿ ಈ ಮಾತು ಸದಾ ಇರುತ್ತದೆ. ಹೇಳುತ್ತಾರೆ ಸ್ವಾಮಿ, ಕೆಲವೊಮ್ಮೆ ಸುಮ್ನೆಯೇ ಹೇಳುತ್ತಾರೆ.

ಕ್ಯಾರಿ ಮುಲ್ಲಿಸ್ ಪಿಸಿಆರ್ ಎಂಬ, ಡಿಎನ್‌ಎ ಚೂರಿನ ಲಕ್ಷಾಂತರ ಪ್ರತಿ ತೆಗೆಯುವ ವಿಧಾನ ಕಂಡುಹಿಡಿದು 1993ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಆದರೆ ಏಡ್ಸ್‌ಗೆ ಎಚ್‌ಐವಿ ಕಾರಣ ಎಂಬುದನ್ನು ಅವರು ಒಪ್ಪಲಿಲ್ಲ. ತಮಾಷೆ ನೋಡಿ, ರೋಗಿಯ ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಎಂದು ಅಳೆಯಲು ಇಂದು ಬಳಸುವುದು ಅದೇ ಪಿಸಿಆರ್!

ಪದವಿ ಅದೇ ವಿಷಯದ್ದಾದರೂ ಅಷ್ಟೇ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಆಂಡ್ರ್ಯೂ ವೇಕ್‌ಫೀಲ್ಡ್ ವೈದ್ಯರೇ ಆಗಿದ್ದರು. ಬರೀ 12 ಮಕ್ಕಳನ್ನು ನೋಡಿ ಬರೆದ 1998ರ ಆ ಲೇಖನವನ್ನು ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ವಾಪಸ್ ಪಡೆದದ್ದು 2010ರಲ್ಲಿ. ಅಷ್ಟರಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಲಸಿಕೆಗೆ ಹೆದರಿ ಕೂತಿದ್ದರು.

– ಓರ್ವ ಓದುಗ