ಹೀಬ್ರೂ ಶೋಕಪತ್ರದ ಡಿಜಿಟಲ್ ಪ್ರತಿ ಮತ್ತು ಕ್ಯಾಟಲಾಗ್ ನಮೂದಿನ ತಪ್ಪುಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹಸ್ತಪ್ರತಿ ಡಿಜಿಟಲೀಕರಣ ವಿಭಾಗ, ಬೆಂಗಳೂರು ಕಚೇರಿ

ಮಾನ್ಯರೇ,

ಲ್ಯಾಡಿ ಊರಿನ ರಬ್ಬಿ (ಯಹೂದಿ ಧರ್ಮಗುರು) ಶ್ನೆಯೂರ್ ಝಲ್ಮಾನ್ ಅವರು ತೀರಿಕೊಂಡಾಗ ಹಸಿದಿಕ್ ಎಂಬ ಯಹೂದಿ ಭಕ್ತಿಪಂಥದ ರಬ್ಬಿಯೊಬ್ಬರು ಮತ್ತೊಬ್ಬರಿಗೆ ಬರೆದ ಕಾಗದದ ಚಿತ್ರ, ಲಿಪ್ಯಂತರ ಮತ್ತು ಕ್ಯಾಟಲಾಗ್ ವಿವರ ನಿಮ್ಮಿಂದ ತಲುಪಿವೆ. ಇದ್ದಂತೆ ಒಪ್ಪಿಕೊಳ್ಳಲು ಸಾಧ್ಯವಿಲ್ಲ.

ದೊಡ್ಡ ತಪ್ಪು ತಾರೀಖಿನದು. ಹೀಬ್ರೂ ಪಂಚಾಂಗದ ಶೆವಾತ್ ತಿಂಗಳ 8, ಅಂದರೆ 1813ರ ಜನವರಿ 9 ಎಂದು ನಮೂದಿಸಿದ್ದೀರಿ. ಅಂದು ಶನಿವಾರ. ಅದು ಯಹೂದಿಗಳ ವಿಶ್ರಾಂತಿ ದಿನ ಶಬ್ಬಾತ್, ಆ ದಿನ ಬರೆಯುವುದು ನಿಷಿದ್ಧ. ಅಂದು ರಬ್ಬಿ ಕಾಗದ ಬರೆದರು ಎನ್ನುವುದೂ ಒಂದೇ, ಏಕಾದಶಿಯಂದು ಸ್ವಾಮಿಗಳು ಪಂಕ್ತಿಯಲ್ಲಿ ಕೂತು ಉಂಡರು ಎನ್ನುವುದೂ ಒಂದೇ. ಕಾಗದದ ತಲೆಯಲ್ಲೇ 'ನಾಲ್ಕನೇ ದಿನ, ಬೋ' ಎಂದಿದೆ. ನಾಲ್ಕನೇ ದಿನವೆಂದರೆ ಬುಧವಾರ, 'ಬೋ' ಆ ವಾರ ಓದುವ ತೋರಾ ಧರ್ಮಗ್ರಂಥದ ಭಾಗ. ಅದಕ್ಕೆ ಹೊಂದುವುದು ಶೆವಾತ್ 5, ಜನವರಿ 6.

ಎಡವಿದ್ದು ಎಲ್ಲಿ ಎಂಬುದೂ ಗೊತ್ತಾಗಿದೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳು: ಹೇ ಎಂದರೆ 5, ಹೇತ್ ಎಂದರೆ 8. ಹೇ ಅಕ್ಷರದ ಎಡಗಾಲಿಗೂ ಮೇಲಿನ ಗೆರೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಹೇತ್‌ನಲ್ಲಿ ಇರುವುದಿಲ್ಲ. ಮಾಚಿಕಾಯಿ, ಅನ್ನಭೇದಿ ಸೇರಿಸಿ ಕಾಯಿಸಿದ ಶಾಯಿ ಕಾಗದವನ್ನು ತಿನ್ನುತ್ತಾ ಹಿಂಬದಿಗೂ ಇಳಿಯುತ್ತದೆ. ನೀವು ಓದಲು ಸುಲಭವಾಗಲೆಂದು ಕಾಂಟ್ರಾಸ್ಟ್ ಏರಿಸಿದಾಗ ಹಿಂಪುಟದ ಒಂದು ಗೀಟು ಕಪ್ಪಾಗಿ ಬಂದು ಸರಿಯಾಗಿ ಆ ಸಂದಿನಲ್ಲೇ ಕೂತಿದೆ. ನೀವೇ ಕಳಿಸಿದ ಮೊದಲ ಪುಟದ ತಿದ್ದದ ಟಿಫ್ ಕಡತವನ್ನು ಹಿಗ್ಗಿಸಿ ನೋಡಿ, ಸಂದು ಎದ್ದು ಕಾಣುತ್ತದೆ. 1918ರ ಸುಮಾರಿಗೆ ಖೆರ್ಸೋನ್‌ನಿಂದ ಹೊರಬಂದ ಹಸಿದಿಕ್ ಪತ್ರಗಳ ರಾಶಿಯನ್ನು ವಿದ್ವಾಂಸರು ನಕಲಿ ಎಂದಿದ್ದಾರೆ. ಅಂಥ ಕ್ಷೇತ್ರದಲ್ಲಿ ಶಬ್ಬಾತ್ ತಾರೀಖು ಹೊತ್ತ ಕಾಗದವನ್ನು ಯಾರು ನಂಬುತ್ತಾರೆ?

ರಬ್ಬಿಯವರ ನಿಧನದ ವರ್ಷವನ್ನೂ 1813 ಎಂದಿದ್ದೀರಿ. ಕಾಗದದಲ್ಲಿ ಹೀಬ್ರೂ ವರ್ಷ 5573ರ ಐದು ಸಾವಿರ ಬಿಟ್ಟು 573 ಎಂದಷ್ಟೇ ಇರುತ್ತದೆ. ಅದಕ್ಕೆ 1240 ಕೂಡಿಸುವುದು ರೂಢಿ. ಆದರೆ ಹೀಬ್ರೂ ವರ್ಷ ಶರತ್ಕಾಲದಲ್ಲೇ ಶುರುವಾಗುವುದರಿಂದ ಡಿಸೆಂಬರ್ ಮುಗಿಯುವ ತನಕ 1239 ಕೂಡಿಸಬೇಕು. ಅವರು ತೀರಿಕೊಂಡ ತೇವೆತ್ ತಿಂಗಳ 24 ಎಂದರೆ 1812ರ ಡಿಸೆಂಬರ್ 27. ಅಂದಹಾಗೆ ರಷ್ಯಾದ ಆಗಿನ ಜೂಲಿಯನ್ ಪಂಚಾಂಗ ನಾವು ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕಿಂತ 12 ದಿನ ಹಿಂದಿತ್ತು. ಈ ಕಾಗದ ಬರೆದ ದಿನ ಅಲ್ಲಿನ್ನೂ 1812ರ ಡಿಸೆಂಬರ್ 25. ಯಾವ ಪಂಚಾಂಗ ಎಂದು ನಮೂದಿನಲ್ಲಿ ಹೇಳಲೇಬೇಕು.

ಲಿಪ್ಯಂತರದಲ್ಲಿ ಸಂಕ್ಷೇಪದ ಜೋಡಿಗೀಟುಗಳನ್ನೆಲ್ಲ ಧೂಳೆಂದು ಅಳಿಸಿದ್ದೀರಿ. ಹೆಸರಿನ ಮುಂದಿನ ನೂನ್, ಅಯಿನ್ ಅಕ್ಷರಗಳ ನಡುವೆ ಆ ಗೀಟು ಇದ್ದರೆ 'ಅವರ ಆತ್ಮ ಏದೆನ್‌ನಲ್ಲಿದೆ', ಅಂದರೆ ಸ್ವರ್ಗದಲ್ಲಿದೆ, ಎಂದರ್ಥ. ಇಲ್ಲದಿದ್ದರೆ 'ಚಲಿಸುತ್ತಿರುವ' ಎಂಬ ಪದವಾಗುತ್ತದೆ. ಹಾಗಾಗಿಯೇ ಸಾರಾಂಶದಲ್ಲಿ 'ಪ್ರಯಾಣದಲ್ಲಿರುವ ಗುರುಗಳು' ಎಂದು ಬಂದಿದೆ. ಅವರು ನೆಪೋಲಿಯನ್ ಸೇನೆಯಿಂದ ತಪ್ಪಿಸಿಕೊಂಡು ಹೊರಟಿದ್ದು ನಿಜವಾದ್ದರಿಂದ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅವರು ಆ ದಾರಿಯಲ್ಲೇ, ಕುರ್ಸ್ಕ್ ಸೀಮೆಯ ಪಿಯೆನಾ ಹಳ್ಳಿಯಲ್ಲಿ ತೀರಿಕೊಂಡು, ಹದಿಯಾಚ್‌ನಲ್ಲಿ ಮಣ್ಣಾದ ಮೇಲೆ ಬರೆದ ಕಾಗದ ಇದು.

ಎರಡನೇ ಪುಟದ ಎಡ ಅಂಚನ್ನು ಕ್ರಾಪ್ ಮಾಡಿದ್ದೀರಿ. ಜಾಗ ಸಾಲದೆ ಹಾಳೆ ತಿರುಗಿಸಿ ಅಂಚಿನಲ್ಲಿ ಮುಂದುವರಿಸಿದ ಸಾಲು ಅಲ್ಲಿ ಅರ್ಧಕ್ಕೆ ತುಂಡಾಗಿದೆ.

ಎರಡೂ ಪುಟಗಳನ್ನು ಇಂಚಿಗೆ 600 ಪಿಕ್ಸೆಲ್‌ನಲ್ಲಿ, ನಾಲ್ಕೂ ಅಂಚು ಕಾಣುವಂತೆ, ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಇಟ್ಟು ಮತ್ತೆ ತೆಗೆಯಬೇಕು. ಗಾಜಿನಿಂದ ಒತ್ತಬೇಡಿ, ಶಾಯಿ ತಿಂದ ಕಾಗದ ಮಡಿಕೆಯಲ್ಲೇ ಸೀಳುತ್ತದೆ. ತಿದ್ದದ ಟಿಫ್ ಕಡತ ಎರಡೂ ಪುಟಕ್ಕೆ ಬೇಕು. ಲಿಪ್ಯಂತರವನ್ನು ಅಶ್ಕೆನಾಝಿ (ಪೂರ್ವ ಯುರೋಪಿನ ಯಹೂದಿ) ಕೈಬರಹ ಓದಬಲ್ಲವರಿಂದಲೇ ಹೊಸದಾಗಿ ಮಾಡಿಸಿ, ಇದಕ್ಕೆ ಬೇರೆ ಶುಲ್ಕ ಕೇಳಬೇಡಿ. ಈಗಿನ ನಮೂದನ್ನು ಇಂದೇ ಕ್ಯಾಟಲಾಗ್‌ನಿಂದ ತೆಗೆಯಿರಿ. ಸರಿಪಡಿಸಿದ ಪ್ರತಿ ಕೈಸೇರುವವರೆಗೆ ಬಾಕಿ ಬಿಲ್ ಪಾವತಿಯಾಗುವುದಿಲ್ಲ.

ಇಂತಿ,
ಹಸ್ತಪ್ರತಿ ಸಂಗ್ರಹದ ಪರವಾಗಿ