ಮತಪತ್ರ ಇರಲಿ, ಮಡಿಚುವುದನ್ನೂ ಕಲಿಸಿ

ಮಾನ್ಯರೇ,

ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲೇ ನಡೆಸಬೇಕೆಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿದಾಗಿನಿಂದ ‘ಹಿಂದಕ್ಕ ಹೊಂಟ್ರು’ ಎಂಬ ಮಾತು ನಮ್ಮೂರ ಚಹಾದಂಗಡಿಯಲ್ಲೂ ಕೇಳಿಬರುತ್ತಿದೆ. 2020ರ ಡಿಸೆಂಬರ್‌ನಲ್ಲಿ ಪಂಚಾಯಿತಿಗೆ ನಾವು ಕಾಗದದ ಮೇಲೇ ಮುದ್ರೆ ಒತ್ತಿದ್ದೇವೆ. ಬಿಟ್ಟೇ ಇಲ್ಲದ್ದಕ್ಕೆ ಹಿಂದೆ ಹೋಗುವುದೆಲ್ಲಿ ಬಂತು?

ನಾನು ಮುಧೋಳ ತಾಲ್ಲೂಕಿನ ನಿವೃತ್ತ ಶಿಕ್ಷಕ. ಚುನಾವಣೆ ಕೆಲಸಕ್ಕೆ ಎಷ್ಟೋ ಸಲ ಹೋಗಿದ್ದೇನೆ. 2010ರ ಪಂಚಾಯಿತಿ ಚುನಾವಣೆಯ ಎಣಿಕೆಯಲ್ಲಿ ನನ್ನ ಟೇಬಲ್ಲಿಗೆ ಬಂದ ಒಂದು ಮತಪತ್ರ ಇನ್ನೂ ಕಣ್ಣ ಮುಂದಿದೆ. ಎರಡು ಚಿಹ್ನೆಗಳ ಮೇಲೆ ಬಾಣದ ಗುರುತು, ಒಂದು ಗಾಢ, ಇನ್ನೊಂದು ಮಸುಕು. ಎರಡೂ ಕಡೆಯ ಏಜೆಂಟರು ಎದ್ದು ನಿಂತರು. ಚುನಾವಣಾಧಿಕಾರಿ ಕಾಗದವನ್ನು ಹಳೆಯ ಮಡಿಕೆಯ ಗೆರೆ ಹಿಡಿದೇ ಮತ್ತೆ ಮಡಿಚಿದರು. ಗಾಢ ಗುರುತು ಮಸುಕಾದದ್ದರ ಮೇಲೆ ಸರಿಯಾಗಿ ಕೂತಿತು. ಬಿಚ್ಚಿ ತೋರಿಸಿದರು: ಮಸುಕಾದದ್ದರಲ್ಲಿ ಬಾಣಗಳು ತಿರುವುಮುರುವು. ಹಸಿ ಮಸಿ ಮಡಿಚಿದಾಗ ಅಂಟಿದ್ದು. ಆ ಮುದ್ರೆಯನ್ನು ಬಾಣದ ಆಕಾರದಲ್ಲಿ ಮಾಡಿರುವುದೇ ಇದಕ್ಕಾಗಿ. ಆ ಓಟು ಕಳೆದುಕೊಂಡ ಕಡೆಯವನೇ ‘ಖರೆ ಐತಿ ಬಿಡ್ರಿ ಸರ್’ ಎಂದು ಕೂತ.

ಮತಯಂತ್ರ ಸುಳ್ಳು ಹೇಳುತ್ತದೆಂದು ನಾನು ಹೇಳುತ್ತಿಲ್ಲ. ಲೋಕಸಭೆ, ವಿಧಾನಸಭೆಗೆ ಮತಪತ್ರ ಬೇಕೆಂಬ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿದೆ, ಅದು ಆಯಿತು. ಕಾಗದ ಎಲ್ಲ ಕಡೆ ನಡೆಯುವುದೂ ಇಲ್ಲ. 1996ರಲ್ಲಿ ಪಕ್ಕದ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ 456 ಮಂದಿ ನಿಂತಿದ್ದರು! ಆದರೆ ನಮ್ಮ ವಾರ್ಡಿನಲ್ಲಿ ನಿಲ್ಲುವವರು ಬೆರಳೆಣಿಕೆಯಷ್ಟು, ಎಲ್ಲರೂ ಒಂದೇ ಓಣಿಯವರು, ಬೀಗರು, ದಾಯಾದಿಗಳು. ಸೋತವನು ಮರುದಿನ ಗೆದ್ದವನ ಎದುರೇ ನೀರಿಗೆ ಹೋಗಬೇಕು. ಅವನು ಕಣ್ಣಾರೆ ಕಂಡು ಒಪ್ಪಿರಬೇಕು. ಮತಯಂತ್ರದಲ್ಲಿ ಒತ್ತಿದ ಓಟನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್‌ನಲ್ಲಿ ಆ ಚೀಟಿ ಕಾಣುವುದು 7 ಸೆಕೆಂಡು, ಚಾಳೀಸು ಹುಡುಕುವುದರೊಳಗೆ ಬಿದ್ದುಹೋಗಿರುತ್ತದೆ.

ನಮ್ಮವ್ವನಿಗೆ ಈಗ ತೊಂಬತ್ತರ ಹತ್ತಿರ. 2024ರ ಲೋಕಸಭೆ ಚುನಾವಣೆಯಲ್ಲಿ 85 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಸೌಲಭ್ಯ ಇತ್ತಲ್ಲ, ಸಿಬ್ಬಂದಿ ನಮ್ಮ ಪಡಸಾಲೆಗೇ ಬಂದು ಮರೆ ಇಟ್ಟು ಮತಪತ್ರ ಕೊಟ್ಟರು. ಬಹಳ ಮರ್ಯಾದೆಯಿಂದ ನಡೆದುಕೊಂಡರು. ಅವರು ಹೋದ ಮೇಲೆ ಅವ್ವ ಅಂದಳು: ‘ಕಾಗದ ಕೈಯಾಗ ಹಿಡದು ಹಿತಾ ಆತು. ಆದ್ರ ಸಾಲಿಗಿ ಹೋಗಿದ್ರ ನಾಕ್ ಮಂದಿ ಮಾರಿ ನೋಡ್ತಿದ್ನೆಪ್ಪಾ.’ ಪಂಚಾಯಿತಿ ಓಟಿಗೆ ತಾನೇ ಹೋಗುವುದಾಗಿ ಈಗಲೇ ಹೇಳಿಟ್ಟಿದ್ದಾಳೆ.

ಹಾಗಾಗಿ ರಾಜ್ಯ ಚುನಾವಣಾ ಆಯೋಗದಲ್ಲಿ ನನ್ನ ವಿನಂತಿ ಇಷ್ಟು. ಪಂಚಾಯಿತಿಗೆ ಮತಪತ್ರವನ್ನೇ ಉಳಿಸಿ. ಒಂದೇ ವಾರ್ಡಿಗೆ ಎರಡು ಮೂರು ಸ್ಥಾನಗಳಿದ್ದಲ್ಲಿ ಜನ ಗೊಂದಲಕ್ಕೆ ಬೀಳುತ್ತಾರೆ, ಮುದ್ರೆ ಎಲ್ಲಿ ಒತ್ತಬೇಕು, ಹೇಗೆ ಮಡಿಚಬೇಕು ಎಂಬುದನ್ನು ವಾರ ಮೊದಲೇ ಊರಲ್ಲಿ ತೋರಿಸಿ. ನಮ್ಮ ಮತಗಟ್ಟೆ ಇರುವ ಶಾಲೆಗೆ ಮೂರು ಎತ್ತರದ ಮೆಟ್ಟಿಲುಗಳಿವೆ, ಪಕ್ಕದಲ್ಲಿ ಹಿಡಿಯಲು ಏನೂ ಇಲ್ಲ. ಅಲ್ಲೊಂದು ಇಳಿಜಾರು ಹಲಗೆ, ಸಾಲಿನ ಪಕ್ಕ ನೆರಳಲ್ಲಿ ಒಂದು ಬೆಂಚು ಹಾಕಿಸಿ.

– ನಿವೃತ್ತ ಶಿಕ್ಷಕ, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ