ಹಳೆಯ ಕಾರು, ಅಪ್ಪನ ಕೈಗುಣ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ತೀರಿಕೊಂಡ ನಮ್ಮ ತಂದೆಯವರು ಹಳೆಯ ಫಿಯೆಟ್, ಅಂಬಾಸಿಡರ್ ಕಾರುಗಳಿಗೆ ಮರುಜೀವ ಕೊಡುವುದರಲ್ಲೇ ಆಯುಷ್ಯ ಸವೆಸಿದರು. ತುಕ್ಕು ತಿಂದ ತಗಡನ್ನು ಕತ್ತರಿಸಿ, ಹೊಸದನ್ನು ಬೆಸೆದು, ಸುತ್ತಿಗೆಯಿಂದ ತಟ್ಟಿ ಮೂಲದ ಬಾಗನ್ನು ತರುವಾಗ ಅವರು ಅಳತೆಪಟ್ಟಿಗಿಂತ ಅಂಗೈಯನ್ನೇ ನಂಬುತ್ತಿದ್ದರು. ಎಷ್ಟೇ ಕೆಲಸವಿದ್ದರೂ ಸಂಜೆ ಗ್ಯಾರೇಜು ಮುಚ್ಚಿ, ಸೀಮೆಎಣ್ಣೆಯಲ್ಲಿ ಕೈ ತೊಳೆದು, ನಮ್ಮೊಡನೆ ಊಟಕ್ಕೆ ಕೂರುವುದನ್ನು ಎಂದೂ ತಪ್ಪಿಸಲಿಲ್ಲ. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಮೇಲೆ, ಸಿಗದ ಬಿಡಿಭಾಗಗಳನ್ನು ಲೇತಿನಲ್ಲಿ ಮಾಡಿಸಿಕೊಳ್ಳುತ್ತಿದ್ದರು.

ಮೂಲರೂಪ ಉಳಿಸಿಕೊಂಡ, 50 ವರ್ಷ ಮೀರಿದ ವಾಹನಗಳಿಗೆ 2021ರ ಕೇಂದ್ರ ನಿಯಮಗಳು ಪ್ರತ್ಯೇಕ ನೋಂದಣಿ ಕಲ್ಪಿಸಿರುವುದು ಸ್ವಾಗತಾರ್ಹ. ಆದರೆ ಅವುಗಳನ್ನು ಉಳಿಸುವ ಕೈಗಳೇ ಇಲ್ಲವಾಗುತ್ತಿವೆ. ಇನ್ನೂ ನಮ್ಮ ನಡುವೆ ಇರುವ ಇಂತಹ ಹಿರಿಯರಿಂದ ಐಟಿಐ ವಿದ್ಯಾರ್ಥಿಗಳಿಗೆ ಈ ವಿದ್ಯೆ ಕಲಿಸುವ ವ್ಯವಸ್ಥೆಯನ್ನು ಸರ್ಕಾರ ಬೇಗನೆ ಮಾಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಮಗಳು, ಮೈಸೂರು